ನೋಟ್‌ಬುಕ್ಕಿನ ನಕ್ಷೆ, ಮೊಬೈಲಿನ ಪೆಟ್ಟಿಗೆ

ಈದ್ ಮುಗಿದು ಎರಡು ವಾರವಾಗಿತ್ತು. ಮಗನ ಶಾಲೆಯ ಶುಲ್ಕ ಕಟ್ಟಲೆಂದು ಬ್ಯಾಂಕ್ ಖಾತೆ ನೋಡಿದರೆ 4,300 ರೂಪಾಯಿ ಕಡಿಮೆ. ಒಂದೇ ಸಲ ಹೋದ ಹಣವಲ್ಲ. ಎಂಬತ್ತು, ನೂರೈವತ್ತು, ಮತ್ತೆ ಎಂಬತ್ತು ಎಂದು ಇಲಿ ಧಾನ್ಯ ಕದ್ದಂತೆ ಸ್ವಲ್ಪ ಸ್ವಲ್ಪವೇ ಹೋಗಿತ್ತು. ಹದಿಮೂರರ ಮಗನನ್ನು ಕರೆದು ಕೇಳಿದೆ. ಅವನು ನೆಲ ನೋಡುತ್ತಾ ಹೇಳಿದ: "ಅಮ್ಮಿ, ಗೇಮ್‌ನಲ್ಲಿ ಪೆಟ್ಟಿಗೆ ತೆರೆದೆ. ಒಳ್ಳೆಯ ಬಂದೂಕು ಬರಬಹುದು ಅಂದ್ಕೊಂಡೆ. ಬರಲಿಲ್ಲ. ಇನ್ನೊಂದು ತೆರೆದೆ."

ಸಿಟ್ಟು ನೆತ್ತಿಗೇರಿತು. ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತವನು ಒಂದೇ ಮಾತು ಕೇಳಿದ: "ನೀವೂ ಚಿಕ್ಕವರಿದ್ದಾಗ ಗೇಮ್ ಆಡ್ತಿದ್ರಂತೆ. ನಾನಾ ಹೇಳಿದ್ರು. ನಿಮಗೆ ಯಾರೂ ಬೈಯಲಿಲ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ಅವನು ಹೇಳಿದ್ದು ನಿಜ. ನಾನು ಆಡುತ್ತಿದ್ದೆ. ಅಷ್ಟೇ ಅಲ್ಲ, ಈಗಲೂ ಆಡುತ್ತೇನೆ.

ದಮ್ಮಾಮ್‌ನಿಂದ ಬಂದ ಪೆಟ್ಟಿಗೆ

1996ರ ಮಾತು. ಆಗ ರಾಜೀವನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಅಬ್ಬಾ ದಮ್ಮಾಮ್‌ನಲ್ಲಿ ದುಡಿಯುತ್ತಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಕಂಬಳಿ, ಅತ್ತರು, ಹಾಲಿನ ಪುಡಿ ತರುವುದು ವಾಡಿಕೆ. ಆ ಸಲ ಒಂದು ಕಂಪ್ಯೂಟರ್ ತಂದರು. ನೆರೆಹೊರೆಯ ಹೆಂಗಸರು ಬೀಡಿ ಕಟ್ಟುವುದನ್ನು ಬಿಟ್ಟು ನೋಡಲು ಬಂದರು. ಅಣ್ಣ ಅದರಲ್ಲಿ ಟೈಪಿಂಗ್ ಕಲಿಯಲಿ ಎಂಬುದು ಅಬ್ಬಾರ ಆಸೆ. ಅಣ್ಣನಿಗೆ ಕ್ರಿಕೆಟ್ಟೇ ಲೋಕ. ಹನ್ನೆರಡು ವರ್ಷದ ನನಗೆ ಕಂಪ್ಯೂಟರ್ ದಕ್ಕಿತು.

ಅದರ ಜೊತೆ 'ಮಿಸ್ಟ್' ಎಂಬ ಗೇಮಿನ ಸಿಡಿ ಬಂದಿತ್ತು. ಅಮೆರಿಕದ ರ್‍ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು 1993ರಲ್ಲಿ ಹೊರತಂದ ಆಟ ಅದು. 2002ರಲ್ಲಿ 'ದಿ ಸಿಮ್ಸ್' ಹಿಂದಿಕ್ಕುವವರೆಗೂ ಕಂಪ್ಯೂಟರ್‌ಗಳಲ್ಲಿ ಅತ್ಯಂತ ಹೆಚ್ಚು ಮಾರಾಟವಾದ ಗೇಮ್ ಎಂಬ ದಾಖಲೆ ಅದರದ್ದೇ. ಅದರಲ್ಲಿ ಬಂದೂಕಿಲ್ಲ, ಓಡಿಸಿಕೊಂಡು ಬರುವ ಶತ್ರುವಿಲ್ಲ, ಗಡಿಯಾರವಿಲ್ಲ. ಜನರಿಲ್ಲದ ಒಂದು ದ್ವೀಪ, ಕೆಲವು ಪುಸ್ತಕಗಳು, ಸನ್ನೆಕೋಲುಗಳು, ಮೌನ. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಆಟದ ಡಬ್ಬದೊಳಗೆ ಒಂದು ಖಾಲಿ ನೋಟ್‌ಬುಕ್ ಇಟ್ಟಿದ್ದರು. ಕಂಡದ್ದನ್ನು ಬರೆದುಕೊಳ್ಳಿ ಎಂದು ಅದರ ಅರ್ಥ.

ನಾನು ಬರೆದೆ. ನಕ್ಷೆಗಳನ್ನು ಬಿಡಿಸಿದೆ. ಗೊತ್ತಿಲ್ಲದ ಇಂಗ್ಲಿಷ್ ಪದಗಳಿಗೆ ನಿಘಂಟು ನೋಡಿ ಅರ್ಥ ಬರೆದೆ. ಒಂದು ಕಡೆ ನೆಲದಡಿಯ ಸುರಂಗಗಳ ಜಾಲದಲ್ಲಿ ಸಿಕ್ಕಿಬಿದ್ದೆ. ಪ್ರತಿ ತಿರುವಿನಲ್ಲೂ ಬಂಡಿ ಒಂದೊಂದು ಸದ್ದು ಮಾಡುತ್ತಿತ್ತು. ತಿಂಗಳಾದರೂ ದಾರಿ ಸಿಗಲಿಲ್ಲ. ಅಬ್ಬಾರಿಗೆ ಬರೆಯುವ ಕಾಗದದಲ್ಲಿ ಅದನ್ನೂ ಬರೆದೆ. ಆಗ ಕಾಗದ ಹೋಗಿ ಉತ್ತರ ಬರಲು ತಿಂಗಳು ಬೇಕು. ಅಬ್ಬಾ ತಮ್ಮ ಕೋಣೆಯವರಿಗೆಲ್ಲ ಅದನ್ನು ಓದಿ ಹೇಳಿದರಂತೆ. ಉತ್ತರದಲ್ಲಿ ಎಂದಿನಂತೆ ನಮಾಝ್, ಓದು, ಅಮ್ಮಿಯ ಆರೋಗ್ಯದ ವಿಚಾರ. ಕೊನೆಯಲ್ಲಿ ಒಂದು ಸಾಲು: "ಇಲ್ಲಿಯ ನನ್ನ ಸ್ನೇಹಿತರು ಹೇಳುತ್ತಾರೆ, ನೋಡಬೇಡ, ಕೇಳು. ಸದ್ದೇ ದಿಕ್ಕು ಇರಬಹುದು."

ಹೌದು, ಸದ್ದೇ ದಿಕ್ಕಾಗಿತ್ತು. ಅಂದು ರಾತ್ರಿ ದಾರಿ ಸಿಕ್ಕಿತು. ದೂರದ ಅಬ್ಬಾ ಪಕ್ಕದಲ್ಲೇ ಕೂತು ಆಡಿದಂತೆ ನನಗನಿಸಿತು.

ಮಕ್ಕಳಿಗಾಗಿ ಹುಟ್ಟಿದ ಆಟ

ಎಷ್ಟೋ ವರ್ಷಗಳ ನಂತರ ಒಂದು ಸಂಗತಿ ತಿಳಿದು ಮನಸ್ಸು ತುಂಬಿ ಬಂತು. ಈ ಬಗೆಯ ಆಟಗಳಿಗೆ 'ಅಡ್ವೆಂಚರ್' ಎಂಬ ಹೆಸರು ಬಂದದ್ದೇ 1970ರ ದಶಕದ ಒಂದು ಆಟದಿಂದ. ಅದನ್ನು ಬರೆದವರು ವಿಲಿಯಂ ಕ್ರೌಥರ್. ಇಂದಿನ ಇಂಟರ್‌ನೆಟ್‌ಗೆ ತಳಹದಿಯಾದ ಅರ್ಪಾನೆಟ್‌ಗಾಗಿ ದುಡಿದ ಎಂಜಿನಿಯರ್. ಬಿಡುವಿನಲ್ಲಿ ಗುಹೆಗಳನ್ನು ಹುಡುಕಿ ಅಳೆಯುವ ಹವ್ಯಾಸ. ವಿಚ್ಛೇದನದ ನಂತರ ಇಬ್ಬರು ಹೆಣ್ಣುಮಕ್ಕಳಿಂದ ದೂರವಾದೆನೆಂಬ ನೋವು ಅವರನ್ನು ಕಾಡುತ್ತಿತ್ತು. ಮಕ್ಕಳಿಗೆ ಖುಷಿಯಾಗಲೆಂದು ತಾವು ಕಂಡ ಕೆಂಟುಕಿಯ ಗುಹೆಯನ್ನೇ ಅಕ್ಷರಗಳ ಆಟವನ್ನಾಗಿ ಬರೆದರು. ಚಿತ್ರವೇ ಇಲ್ಲ. ಒಂದೆರಡು ಪದ ಟೈಪ್ ಮಾಡಿ 'ಉತ್ತರಕ್ಕೆ ಹೋಗು', 'ದೀಪ ತೆಗೆದುಕೋ' ಎಂದರೆ ಗುಹೆ ಉತ್ತರ ಕೊಡುತ್ತಿತ್ತು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು.

ಆ ಆಟಕ್ಕೆ ಮರುಳಾದ ಗೃಹಿಣಿ ರೋಬರ್ಟಾ ವಿಲಿಯಮ್ಸ್ ಅಡುಗೆ ಮನೆಯ ಮೇಜಿನ ಮೇಲೆ ತಮ್ಮದೇ ಕಥೆ ಹೆಣೆದರು. ಪತಿ ಕೆನ್ ಅದನ್ನು ಕಂಪ್ಯೂಟರಿಗೆ ಅಳವಡಿಸಿದರು. 1980ರ 'ಮಿಸ್ಟರಿ ಹೌಸ್' ಹೀಗೆ ಹುಟ್ಟಿತು. 1984ರಲ್ಲಿ 'ಕಿಂಗ್ಸ್ ಕ್ವೆಸ್ಟ್' ಬಂತು. ನಮ್ಮ ದೇಶದ ಕಂಪ್ಯೂಟರ್ ತರಗತಿಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತಿದ್ದ 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಕೂಡ ಮನೆಯ ಆಟವೇ. ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ಮಾಡಿ, ಆ ಚಲನೆಯನ್ನೇ ರಾಜಕುಮಾರನಿಗೆ ಕೊಟ್ಟರು. ಅದು ನಿಜಕ್ಕೂ ಒಗಟಿಗಿಂತ ಕೈಚಳಕದ ಆಟ. ಆದರೂ ಆ ಕೋಟೆಯ ನಕ್ಷೆ ಇಂದಿಗೂ ನನ್ನ ನೋಟ್‌ಬುಕ್ಕಿನಲ್ಲಿದೆ.

ಹಳೆಯದೆಲ್ಲ ಹೊನ್ನಲ್ಲ

"ನಮ್ಮ ಕಾಲವೇ ಚೆನ್ನಾಗಿತ್ತು" ಎನ್ನುವುದು ನನ್ನಂಥವರ ಚಟ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹಳೆಯ ಆಟಗಳು ನಮ್ಮನ್ನು ಸತಾಯಿಸಿದ್ದೂ ಉಂಟು.

1990ರ 'ಕಿಂಗ್ಸ್ ಕ್ವೆಸ್ಟ್ 5'ರಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ ಬೆಕ್ಕಿನತ್ತ ಹಳೆಯ ಬೂಟು ಎಸೆದು ಇಲಿಯನ್ನು ಉಳಿಸದಿದ್ದರೆ, ಮುಂದೆ ನಿಮ್ಮನ್ನು ಕಟ್ಟಿಹಾಕಿದಾಗ ಹಗ್ಗ ಕಡಿಯಲು ಇಲಿ ಬರುವುದಿಲ್ಲ. ಆಟ ಅಲ್ಲಿಗೇ ಮುಗಿಯಿತು. ಏನು ತಪ್ಪಾಯಿತೆಂದೂ ತಿಳಿಯದು. 1991ರ 'ಮಂಕಿ ಐಲ್ಯಾಂಡ್ 2'ರಲ್ಲಿ ಒಂದು ಪಂಪನ್ನು ತಿರುಗಿಸಲು ಕೋತಿಯನ್ನೇ ಉಪಕರಣವಾಗಿ ಬಳಸಬೇಕು. ಅಮೆರಿಕದಲ್ಲಿ ಆ ಬಗೆಯ ಸ್ಪಾನರಿಗೆ 'ಮಂಕಿ ರೆಂಚ್' ಎನ್ನುತ್ತಾರಂತೆ! ಸ್ಪಾನರ್ ಎಂಬ ಪದವನ್ನಷ್ಟೇ ಕೇಳಿದ್ದ ಮೈಸೂರಿನ ಹುಡುಗಿಗೆ ಅದು ಹೇಗೆ ಹೊಳೆಯಬೇಕು? ಈ ಸರಣಿಯ ರಾನ್ ಗಿಲ್ಬರ್ಟ್ ಅವರೇ ಅಡ್ವೆಂಚರ್ ಗೇಮ್‌ಗಳ ದೋಷಗಳನ್ನು ಪಟ್ಟಿ ಮಾಡಿ 1989ರಲ್ಲಿ ಲೇಖನ ಬರೆದಿದ್ದರು. ಆಟಗಾರನನ್ನು ಸುಮ್ಮನೆ ಕೊಲ್ಲಬಾರದು, ಹಿಂದಿರುಗಲಾಗದ ಗುಂಡಿಗೆ ತಳ್ಳಬಾರದು ಎಂಬುದು ಅವರ ವಾದ.

ಇಂದಿನ ಒಳ್ಳೆಯ ಆಟಗಳು ಆ ಪಾಠ ಕಲಿತಿವೆ. ಲ್ಯೂಕಸ್ ಪೋಪ್ ಅವರ 2018ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್'ನಲ್ಲಿ ಒಂದು ಹಡಗಿನ 60 ಮಂದಿ ಏನಾದರೆಂದು ಉಡುಪು, ಮಾತು, ಮಲಗುವ ಜಾಗ ನೋಡಿ ಊಹಿಸಬೇಕು. ನನ್ನ ನೋಟ್‌ಬುಕ್ಕಿಗೆ ಮತ್ತೆ ಕೆಲಸ ಬಂತು. 2014ರ 'ಮಾನ್ಯುಮೆಂಟ್ ವ್ಯಾಲಿ' ಮೊಬೈಲಿನಲ್ಲೇ ಆಡುವ, ಕಣ್ಣಿಗೆ ತಂಪಾದ ಒಗಟು. 2023ರ 'ವೆಣ್ಬಾ'ದಲ್ಲಿ ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ಹರಿದುಹೋದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುತ್ತಾಳೆ. ಅಲ್ಲಿ ಒಗಟು ಇರುವುದು ಇಡ್ಲಿ ತಟ್ಟೆ ಜೋಡಿಸುವುದರಲ್ಲಿ. ಬೆಳೆದ ಮಗ ಮನೆಯ ಭಾಷೆಯಿಂದ ದೂರವಾಗುವುದನ್ನು ನೋಡಿ ನಾನು ಅತ್ತುಬಿಟ್ಟೆ.

ಆದ್ದರಿಂದ ನನ್ನ ತಕರಾರು ಹೊಸತರ ಮೇಲಲ್ಲ. ಆಟ ನಮ್ಮಿಂದ ಏನನ್ನು ಕೇಳುತ್ತದೆ ಎಂಬುದರ ಮೇಲೆ. ಮಿಸ್ಟ್ ನನ್ನಿಂದ ಗಮನ ಕೇಳಿತು, ತಾಳ್ಮೆ ಕೇಳಿತು, ಕೊನೆಗೆ ಮುಗಿಯಿತು. ಮಗನ ಮೊಬೈಲ್ ಆಟಕ್ಕೆ ಕೊನೆಯೇ ಇಲ್ಲ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ದಾರಿಯನ್ನು ಬಾಣದ ಗುರುತು ತೋರಿಸುತ್ತದೆ. ಯೋಚಿಸಬೇಕಾದಲ್ಲಿ ಯೋಚನೆಗೆ ಬದಲು ಹಣ ಕೇಳುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಜೂಜು ಹರಾಮ್ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಆದರೆ ಅದು ಬಣ್ಣದ ಪೆಟ್ಟಿಗೆಯ ವೇಷದಲ್ಲಿ ಬಂದಾಗ ಗುರುತಿಸುವವರು ಯಾರು? ಹಣ ಕೊಡಬೇಕು, ಏನು ಸಿಗುತ್ತದೆಂದು ಗೊತ್ತಿಲ್ಲ, ಸಿಗದಿದ್ದರೆ ಮತ್ತೆ ಕೊಡಬೇಕು. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಕೆಲವು ಪ್ರಸಿದ್ಧ ಆಟಗಳ ಇಂಥ ಪೆಟ್ಟಿಗೆಗಳು ಜೂಜೇ ಎಂದು ಹೇಳಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾನೂನು ಬೇಕು, ನಿಜ. ಆದರೆ ಮನೆಯ ಬಾಗಿಲು ಕಾಯಬೇಕಾದವರು ನಾವು.

ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಹಾಗೆಂದು ಆಡುವ ಮಗುವೆಲ್ಲ ರೋಗಿಯಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ನಿದ್ದೆಗಿಂತ ಆಟವೇ ಮೊದಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡರೆ ಮಾತ್ರ ಅದು ಕಾಯಿಲೆ. ಅಂಥ ಸಂದರ್ಭದಲ್ಲಿ ಬೈಗುಳ ಮದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭವಾಯಿತು. ನನ್ನ ಮಗ ಅಲ್ಲಿಯವರೆಗೆ ಹೋಗಿರಲಿಲ್ಲ. ಆದರೆ ಅವನು ಒಬ್ಬನೇ ಆಡುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿದ್ದೂ ದಮ್ಮಾಮ್‌ಗಿಂತ ದೂರವಿದ್ದೆ.

ನಮ್ಮ ಊರಿನ ಒಗಟುಗಳು

ಒಗಟಿನ ಆಟ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ನಡೆಸುವ ಬಗೆಯನ್ನು ಬಿಡಿಸಿದವರು, ಹೊಸ ಹೊಸ ಮಣೆ ಆಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಮೊಘಲರ ಕಾಲದಲ್ಲಿ ಪ್ರಚಾರಕ್ಕೆ ಬಂದ ಗಂಜೀಫಾ ಎಲೆಗಳಿಗೆ ಮೈಸೂರು ತನ್ನದೇ ರೂಪ ಕೊಟ್ಟಿತು. ಅಳಗುಳಿ ಮಣೆ, ಚೌಕಾಬಾರ ನಮ್ಮ ಅಜ್ಜಿಯರ ಕಾಲದಲ್ಲಿ ಮನೆ ಮನೆಯಲ್ಲಿದ್ದವು. ಇವೆಲ್ಲಕ್ಕೂ ಒಂದು ಸಾಮಾನ್ಯ ಗುಣವಿತ್ತು. ಎದುರಿಗೆ ಒಬ್ಬರು ಕೂತಿರುತ್ತಿದ್ದರು.

ಅದೇ ನನಗೆ ದಾರಿ ತೋರಿಸಿತು. ಬೀರುವಿನ ಬೀಗ ತೆಗೆದೆ. ಮೊಬೈಲನ್ನಲ್ಲ, ಅದರ ಕೆಳಗಿದ್ದ ಹಳೆಯ ನೋಟ್‌ಬುಕ್ಕನ್ನು ಹೊರತೆಗೆದೆ. ಮಿಸ್ಟ್ ಈಗ ಹೊಸ ರೂಪದಲ್ಲಿ ಬಂದಿದೆ. 2021ರ ಕಂಪ್ಯೂಟರ್ ಆವೃತ್ತಿಯಲ್ಲಿ ಒಗಟಿನ ಉತ್ತರಗಳನ್ನು ಬದಲಿಸಿಬಿಡುವ ಆಯ್ಕೆಯಿದೆ. ಮಗ ನನ್ನ ನೋಟ್‌ಬುಕ್ ನೋಡಿ ಉತ್ತರ ಕದಿಯಬಾರದೆಂದು ಅದನ್ನೇ ಆರಿಸಿದೆ.

"ಅಮ್ಮಿ, ಬಾಣವೇ ಇಲ್ಲವಲ್ಲ! ಎಲ್ಲಿಗೆ ಹೋಗಬೇಕು?"

"ಅದನ್ನೇ ಹುಡುಕಬೇಕು ಬೇಟಾ."

ಮೊದಲ ದಿನ ಹತ್ತು ನಿಮಿಷಕ್ಕೇ ಬೇಸರಪಟ್ಟು ಎದ್ದ. ಮರುದಿನ ಇಪ್ಪತ್ತು ನಿಮಿಷ. ಮೂರನೇ ವಾರ ತಾನೇ ಪೆನ್ಸಿಲ್ ಕೇಳಿದ. ಅವನ ಹಳೆಯ ಆಟ ಪೂರ್ತಿ ನಿಂತಿಲ್ಲ, ಸುಳ್ಳು ಹೇಳುವುದಿಲ್ಲ. ವಾರಕ್ಕೆರಡು ದಿನ ಗೆಳೆಯರೊಂದಿಗೆ ಆಡುತ್ತಾನೆ. ಹಣ ಪಾವತಿಯ ಗುಪ್ತಸಂಖ್ಯೆ ಮಾತ್ರ ಈಗ ನನ್ನೊಬ್ಬಳ ಬಳಿಯಿದೆ. ಹೋದ 4,300 ರೂಪಾಯಿಯಲ್ಲಿ ಅರ್ಧವನ್ನು ಅವನು ತನ್ನ ಈದಿ ಹಣದಿಂದ ತುಂಬಿದ.

ತಾಯಂದಿರಲ್ಲಿ ನನ್ನದೊಂದು ವಿನಂತಿ. ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮುನ್ನ ಒಂದು ಗಂಟೆ ಪಕ್ಕದಲ್ಲಿ ಕೂತು ಆಟ ನೋಡಿ. ಮೂರು ಪ್ರಶ್ನೆ ಕೇಳಿ. ಈ ಆಟಕ್ಕೆ ಕೊನೆಯಿದೆಯೇ? ಇದು ಯೋಚಿಸಲು ಬಿಡುತ್ತದೆಯೇ? ಸೋತಾಗ ಇದು ಹಣ ಕೇಳುತ್ತದೆಯೇ? ಉತ್ತರ ಸಿಕ್ಕ ಮೇಲೆ ಯಾವುದು ಇರಬೇಕು, ಯಾವುದು ಹೋಗಬೇಕೆಂದು ಮಗುವಿನೊಂದಿಗೇ ಕೂತು ತೀರ್ಮಾನಿಸಿ.

ಕಳೆದ ತಿಂಗಳು ಒಂದು ಭಾನುವಾರ ಮಗ ಅದೇ ಸುರಂಗಗಳಲ್ಲಿ ಸಿಕ್ಕಿಬಿದ್ದ. ನಾನು ಅಡುಗೆ ಮನೆಯಲ್ಲಿದ್ದೆ. ಅಬ್ಬಾ ಅಸರ್ ಮುಗಿಸಿ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತರು. ಅವರಿಗೆ ಈಗ ಕಣ್ಣು ಮಂಜು, ಪರದೆಯ ಮೇಲಿನದು ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡಬೇಡ ಬೇಟಾ, ಕೇಳು."

ನಾನು ಒಲೆ ಆರಿಸಿ ಅವರಿಬ್ಬರ ಹಿಂದೆ ಬಂದು ನಿಂತೆ.