ಸಾಮಾಯಿಕದಲ್ಲಿ ಕಾಲು ಜೋಮು ಹಿಡಿದಾಗ

ಸಾಮಾಯಿಕಕ್ಕೆ ಹೊಸದಾಗಿ ಕುಳಿತ ಗೃಹಸ್ಥನಿಗೆ ಮೊದಲು ಎದುರಾಗುವುದು ಅವನ ಮೊಣಕಾಲೇ. ಐದಾರು ನಿಮಿಷಗಳಲ್ಲಿ ಪಾದ ಜೋಮು ಹಿಡಿಯುತ್ತದೆ, ಬೆನ್ನು ಬಾಗುತ್ತದೆ, ಮೂಗಿನ ತುದಿಯಲ್ಲಿ ನವೆ ಏಳುತ್ತದೆ, ಬಾಯಲ್ಲಿ ಉಗುಳು ತುಂಬುತ್ತದೆ. ಕೆಲವರಿಗೆ ಕೈ ಭಾರವಾದಂತೆ, ಹುಬ್ಬುಗಳ ನಡುವೆ ಏನೋ ಮಿಡಿದಂತೆ ಅನಿಸುವುದುಂಟು. ಅದುವರೆಗೆ ಗಮನಕ್ಕೇ ಬಾರದಿದ್ದ ಯಶವಂತಪುರದ ರೈಲಿನ ಕೂಗು, ಹೆಬ್ಬಾಳ ಮೇಲ್ಸೇತುವೆಯ ವಾಹನಗಳ ಮೊರೆತ ಅಂದು ಕಿವಿಯೊಳಗೇ ಬಂದು ಕೂರುತ್ತವೆ. ಧ್ಯಾನ ತಮಗೆ ಒಲಿಯದೆಂದು ಅಲ್ಲಿಗೇ ಚಾಪೆ ಸುತ್ತಿಡುವವರು ಅನೇಕರು.

ಜೈನಾಚಾರ್ಯರು ಈ ದೇಹವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ‘ಮೂಲಾಚಾರ’ವು ಕಾಯೋತ್ಸರ್ಗದ 32 ದೋಷಗಳನ್ನು ಹೇಳುತ್ತದೆ. ಕುದುರೆಯಂತೆ ಒಂದು ಕಾಲನ್ನು ಬಾಗಿಸಿ ನಿಲ್ಲುವುದು, ಬಳ್ಳಿಯಂತೆ ಓಲಾಡುವುದು, ಕಂಬಕ್ಕೋ ಗೋಡೆಗೋ ಒರಗುವುದು ಅವುಗಳಲ್ಲಿ ಕೆಲವು. ಗೋಡೆಗೊರಗಿದ ಶಿಷ್ಯರನ್ನು ಕಣ್ಣಾರೆ ಕಾಣದೆ ಇಂಥ ಪಟ್ಟಿ ಹುಟ್ಟಿರಲಾರದು! ಶ್ವೇತಾಂಬರ ಪರಂಪರೆಯಲ್ಲಿ ಕಾಯೋತ್ಸರ್ಗಕ್ಕೆ ಮುನ್ನ ಹೇಳುವ ಸೂತ್ರವಂತೂ ಉಸಿರು, ಕೆಮ್ಮು, ಸೀನು, ಆಕಳಿಕೆ, ತೇಗು, ತಲೆಸುತ್ತು, ಅಂಗಾಂಗಗಳ ಸೂಕ್ಷ್ಮ ಚಲನೆ ಇವುಗಳಿಂದ ವ್ರತಭಂಗವಾಗದೆಂದು ಮೊದಲೇ ವಿನಾಯಿತಿ ನೀಡುತ್ತದೆ.

ಹಾಗಾದರೆ ನೋವು ಬಂದಾಗ ಮಾಡಬೇಕಾದುದೇನು? ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕು ಬಗೆ. ವೇದನೆಯು ಎಂದು ತೊಲಗೀತೆಂದು ಮತ್ತೆ ಮತ್ತೆ ಚಿಂತಿಸುವುದು ಆರ್ತಧ್ಯಾನ. ಕಾಲಿನ ಜೋಮು ಆರ್ತವಲ್ಲ. ಅದು ಮಡಿಸಿದ ಕಾಲಿನ ನರದ ಮೇಲೆ ಬಿದ್ದ ಒತ್ತಡವಷ್ಟೆ. ಅದರ ಕುರಿತಾದ ಒಳಗಿನ ಗೊಣಗಾಟ ಆರ್ತ. ಜೋಮು ಎಲ್ಲಿ ಆರಂಭವಾಯಿತು, ಎಲ್ಲಿಯವರೆಗೆ ಹರಡಿತು, ಅದನ್ನು ಅರಿಯುತ್ತಿರುವುದು ಯಾವುದು ಎಂದು ಸ್ವಲ್ಪ ಹೊತ್ತು ನೋಡಿದರೆ ದೇಹ ಬೇರೆ, ಅರಿಯುವವನು ಬೇರೆ ಎಂಬ ಭೇದವಿಜ್ಞಾನದ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ. ಸಹಿಸಲಾಗದಿದ್ದರೆ ಸಿಡುಕದೆ, ನಿಧಾನವಾಗಿ ಕಾಲನ್ನು ಸಡಿಲಿಸಬಹುದು. ಸುಖದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನಿನ್ನೆ ಮೈ ಹಗುರಾಗಿತ್ತು, ಇಂದೇಕೆ ಆಗಲಿಲ್ಲವೆಂದು ಕೊರಗುವುದೂ ಆರ್ತವೇ. ಪ್ರಿಯವಾದುದರ ಅಗಲಿಕೆಯ ಚಿಂತೆಯನ್ನೂ ಸೂತ್ರಕಾರರು ಅದೇ ಗುಂಪಿಗೆ ಸೇರಿಸಿದ್ದಾರೆ.

ವಿಂಧ್ಯಗಿರಿಯ 58 ಅಡಿಯ ಬಾಹುಬಲಿಯ ತೊಡೆತೋಳುಗಳಿಗೆ ಬಳ್ಳಿ ಹಬ್ಬಿದೆ. ಅದನ್ನು ಮೊದಲ ದಿನದ ಅಳತೆಗೋಲು ಮಾಡಿಕೊಳ್ಳಬೇಕಿಲ್ಲ. ಸಾಮಾಯಿಕಕ್ಕೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಆದರೆ ಉತ್ತಮ ದೇಹಬಲವುಳ್ಳವನಿಗೂ ಚಿತ್ತದ ಏಕಾಗ್ರತೆ ಮುಹೂರ್ತದೊಳಗೇ ಮುಗಿಯುವುದೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಆರಂಭಕ್ಕೆ ಒಂದು ಕಾಯೋತ್ಸರ್ಗ ಸಾಕು: 27 ಉಸಿರಿನಲ್ಲಿ ಒಂಬತ್ತು ಬಾರಿ ಣಮೋಕಾರ ಮಂತ್ರ. ಉಸಿರನ್ನು ಬಿಗಿಹಿಡಿಯುವ ಅಗತ್ಯವಿಲ್ಲ.

ಆಸನದ ಬಗೆಗೂ ಹಟ ಬೇಡ. ‘ಜ್ಞಾನಾರ್ಣವ’ದಲ್ಲಿ ಶುಭಚಂದ್ರಾಚಾರ್ಯರು ಹಲವು ಆಸನಗಳನ್ನು ಹೆಸರಿಸಿಯೂ, ಯಾವುದರಲ್ಲಿ ಮನಸ್ಸು ನಿಲ್ಲುವುದೋ ಅದೇ ಯೋಗ್ಯವೆನ್ನುತ್ತಾರೆ. ಆರ್.ಟಿ. ನಗರದ ಮೂರನೆಯ ಮಹಡಿಯಲ್ಲಿ ಮಂಡಿನೋವಿನ ಅಜ್ಜಿ ಕುರ್ಚಿಯಲ್ಲಿ ಕುಳಿತು ಮಾಡುವ ಸಾಮಾಯಿಕಕ್ಕೆ ಕುಂದೇನೂ ಇಲ್ಲ. ಎದೆನೋವು, ಬಿಡದ ತಲೆಸುತ್ತು ಬಂದರೆ ಮಾತ್ರ ಅದನ್ನು ಪರೀಷಹವೆಂದು ಸಹಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು.

ಮುಗಿದ ಮೇಲೆ ಥಟ್ಟನೆ ಏಳಬಾರದು. ಕಾಲುಗಳನ್ನು ನೀಡಿ, ಪಾದವನ್ನು ತಿಕ್ಕಿ, ನೆಲದ ಸ್ಪರ್ಶ ಅಂಗಾಲಿಗೆ ಮರಳಿದ ನಂತರವೇ ನಿಲ್ಲಬೇಕು.