ಇಗರ್ಜಿ ಬಿಟ್ಟವರು ಎಲ್ಲಿಗೆ ಹೋಗುತ್ತಾರೆ?

ಬೆಳಗಾವಿಯ ಮಹಾಂತೇಶ ನಗರದಂಥ ಬಡಾವಣೆಯಲ್ಲಿ ವಾರಕ್ಕೊಮ್ಮೆ ಹೋಗಿ ಕೂರಲು ಎಲ್ಲರಿಗೂ ಒಂದೊಂದು ಜಾಗವಿದೆ. ಅಲ್ಲಿಯ ಫ.ಗು. ಹಳಕಟ್ಟಿ ಭವನದಲ್ಲಿ ಲಿಂಗಾಯತ ಸಂಘಟನೆಯವರ ಸಾಮೂಹಿಕ ಪ್ರಾರ್ಥನೆ ಮತ್ತು ವಚನ ಚಿಂತನೆ ನಡೆಯುತ್ತದೆ. ಕ್ಯಾಥೊಲಿಕ್ ಮನೆಗಳವರು ರವಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಲಿಪೂಜೆಗೆ ಹೊರಡುತ್ತಾರೆ. ಅಂಥ ಒಂದು ಮನೆಯ ಮಗನೋ ಮಗಳೋ ಒಂದು ರವಿವಾರ ಹಾಸಿಗೆಯಿಂದ ಏಳದೇ ಹೋದರೆ ತಲೆನೋವೆಂದು ತಾಯಿ ಸುಮ್ಮನಾಗುತ್ತಾಳೆ. ಮುಂದಿನ ವಾರವೂ ಹಾಗೇ ಆದರೆ ಸೋಮಾರಿತನವೆಂದು ಬೈಯುತ್ತಾಳೆ. ಮೂರನೆಯ ವಾರ ಕಾರಣ ಹೇಳಲೇಬೇಕಾಗುತ್ತದೆ. ‘ನನಗೆ ದೇವರಲ್ಲಿ ನಂಬಿಕೆ ಇಲ್ಲ’ ಎಂಬ ನಾಲ್ಕು ಮಾತನ್ನು ಮನಸ್ಸಿನಲ್ಲಿ ಎಷ್ಟೋ ವರ್ಷ ಇಟ್ಟುಕೊಂಡು ತಿರುಗಬಹುದು, ಆದರೆ ಬಾಯಿಬಿಟ್ಟು ಹೇಳಿದ ದಿನ ಅದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ.

ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕನಿಗೆ ಈ ಕಷ್ಟ ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ. ಚಾರ್ವಾಕರ ಕಾಲದಿಂದಲೂ ಇಲ್ಲಿ ದೇವರಿಲ್ಲ ಎನ್ನುವವರಿಗೆ ಬೈಗುಳ ಸಿಕ್ಕಿದೆ, ಜೊತೆಗೆ ಪಂಕ್ತಿಯಲ್ಲಿ ಎಲೆಯೂ ಸಿಕ್ಕಿದೆ. ದೇವಸ್ಥಾನಕ್ಕೆ ಹೋಗದವನ ಹಾಜರಿಯನ್ನು ಯಾರೂ ತೆಗೆಯುವುದಿಲ್ಲ. ಹೋಳಿಗೆ ತಿನ್ನಲು ನಂಬಿಕೆ ಬೇಕಾಗಿಲ್ಲ. ಕ್ಯಾಥೊಲಿಕರ ರೀತಿ ಬೇರೆ. ಅಲ್ಲಿ ನಂಬಿಕೆ ಎನ್ನುವುದು ಪ್ರತಿ ರವಿವಾರ ಎದ್ದು ನಿಂತು, ಎಲ್ಲರೊಂದಿಗೆ ದನಿಗೂಡಿಸಿ ಹೇಳುವ ಮಾತು. ಪರಮಪ್ರಸಾದದ ಸಾಲಿನಲ್ಲಿ ನಿಲ್ಲದವನು ಕಣ್ಣಿಗೆ ಬೀಳುತ್ತಾನೆ. ಸುಮ್ಮನಿರುವುದೂ ಅಲ್ಲಿ ಒಂದು ಹೇಳಿಕೆಯೇ ಆಗಿಬಿಡುತ್ತದೆ.

ಬೆಳಗಾವಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಬೆಳಗಾವಿ ಧರ್ಮಪ್ರಾಂತ್ಯ ಪ್ರತ್ಯೇಕವಾದದ್ದು 1953ರಲ್ಲಿ. ಅದಕ್ಕೂ ಮೊದಲು ಈ ಭಾಗದ ಬಹಳಷ್ಟು ಇಗರ್ಜಿಗಳು ಗೋವೆಯ ಆಡಳಿತಕ್ಕೆ ಸೇರಿದ್ದವು. ಖಾನಾಪುರ ದಾಟಿ ಲೋಂಡಾಕ್ಕೆ ಹೋಗಿ ಘಟ್ಟ ಇಳಿದರೆ ಗೋವಾ. ಆ ದಾರಿಯಲ್ಲಿ ಬಂದು ನೆಲೆಸಿದ ಕುಟುಂಬಗಳಿಗೆ ಇಗರ್ಜಿ ಎಂದರೆ ದೇವರ ಮನೆ ಮಾತ್ರವಲ್ಲ. ಕೊಂಕಣಿ ಕಿವಿಗೆ ಬೀಳುವ ಜಾಗ, ಸಂಬಂಧ ಕುದುರುವ ಜಾಗ, ಮಕ್ಕಳ ಶಾಲೆಗೆ ಒಂದು ಮಾತು ಹೇಳಿಸುವ ಜಾಗವೂ ಅದೇ. ನಂಬಿಕೆಗೆ ಬದುಕಿನ ರೀತಿ ರಿವಾಜುಗಳ ಉಡುಗೆ ಬೇಕೆಂಬುದು ಪಾದ್ರಿಗಳಿಗೂ ಗೊತ್ತಿತ್ತು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಜೆಸುಯಿಟ್ ಪಾದ್ರಿಗಳು ಕಾವಿ ತೊಟ್ಟು ವಿರಕ್ತ ಮಠದ ರೀತಿಯಲ್ಲಿ ಬಾಳಿದ್ದುಂಟು. ಹೀಗೆ ಉಡುಗೆಯೊಂದಿಗೆ ಬಂದ ನಂಬಿಕೆ ಹೋಗುವಾಗ ಉಡುಗೆಯನ್ನು ಬಿಟ್ಟೇ ಹೋಗುತ್ತದೆ. ದೇವರನ್ನು ಬಿಟ್ಟವನಿಗೆ ಕ್ರಿಸ್‌ಮಸ್ಸಿನ ಕುಸ್ವಾರ್ ಬೇಡವಾಗುವುದಿಲ್ಲ.

ಇಷ್ಟಾಗಿ, ಇಗರ್ಜಿಯನ್ನು ‘ಬಿಡುವುದು’ ಸಾಧ್ಯವೇ? ಕ್ಯಾಥೊಲಿಕ್ ಸಿದ್ಧಾಂತದ ಪ್ರಕಾರ ಇಲ್ಲ. ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ. ಒಮ್ಮೆ ಕ್ಯಾಥೊಲಿಕನಾದವನು ಹಿಂದುಳಿದ ಕ್ಯಾಥೊಲಿಕ್ ಆಗಬಹುದು, ಭ್ರಷ್ಟ ಕ್ಯಾಥೊಲಿಕ್ ಆಗಬಹುದು, ಕ್ಯಾಥೊಲಿಕ್ ಅಲ್ಲದವನು ಆಗಲಾರ. 1983ರ ಧರ್ಮಸಂಹಿತೆಯಲ್ಲಿ, ವಿಧಿಪೂರ್ವಕವಾಗಿ ಧರ್ಮಸಭೆಯನ್ನು ತೊರೆದವರಿಗೆ ಮದುವೆಯ ಕೆಲವು ನಿಯಮಗಳಿಂದ ವಿನಾಯಿತಿ ಇತ್ತು. ಪೋಪ್ ಹದಿನಾರನೆಯ ಬೆನೆಡಿಕ್ಟ್ 2009ರಲ್ಲಿ ಅದನ್ನೂ ತೆಗೆದುಹಾಕಿದರು. ಜರ್ಮನಿಯಲ್ಲಿ ಸರಕಾರವೇ ಚರ್ಚ್ ತೆರಿಗೆ ವಸೂಲು ಮಾಡುವುದರಿಂದ ಕಚೇರಿಗೆ ಹೋಗಿ ಹೆಸರು ತೆಗೆಸಿಕೊಳ್ಳುವ ವ್ಯವಸ್ಥೆ ಇದೆ. 2022 ಒಂದೇ ವರ್ಷದಲ್ಲಿ ಅಲ್ಲಿ 5 ಲಕ್ಷ 22 ಸಾವಿರಕ್ಕೂ ಹೆಚ್ಚು ಕ್ಯಾಥೊಲಿಕರು ಹೀಗೆ ಹೊರಬಂದರು. ನಮ್ಮಲ್ಲಿ ಅಂಥ ತೆರಿಗೆಯಿಲ್ಲ, ಅಂಥ ಕಚೇರಿಯೂ ಇಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ತಡವಾಗಿಯಾದರೂ ಮಾತಾಡಿದೆ. ಮಹಾರಾಷ್ಟ್ರದಲ್ಲಿ ಮೂವರು, ತಾವು ಕ್ರೈಸ್ತರೂ ಅಲ್ಲ, ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಗೆಜೆಟ್‌ನಲ್ಲಿ ಪ್ರಕಟಿಸುವಂತೆ ಕೇಳಿದಾಗ ಸರಕಾರಿ ಮುದ್ರಣಾಲಯ ಒಪ್ಪಲಿಲ್ಲ. ಸ್ವಾರಸ್ಯವೆಂದರೆ ಅವರು ನಾಸ್ತಿಕರಲ್ಲ. ಏಸುವನ್ನು ನಂಬುತ್ತೇವೆ, ಧರ್ಮವೆಂಬ ಸಂಸ್ಥೆಯನ್ನು ನಂಬುವುದಿಲ್ಲ ಎಂಬುದು ಅವರ ವಾದ. 2014ರ ಸೆಪ್ಟೆಂಬರ್‌ನಲ್ಲಿ ಮುಂಬೈ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸಂವಿಧಾನದ 25ನೆಯ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಯಾವ ಧರ್ಮವನ್ನೂ ಪಾಲಿಸದಿರುವ ಸ್ವಾತಂತ್ರ್ಯವೂ ಸೇರಿದೆ, ಧರ್ಮ ಯಾವುದೆಂದು ಹೇಳುವಂತೆ ಸರಕಾರ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದಿತು. ಈ ಹಕ್ಕನ್ನು ಬಳಸುವವರ ಸಂಖ್ಯೆ ಮಾತ್ರ ಬಹಳ ಕಡಿಮೆ. 2011ರ ಜನಗಣತಿಯಲ್ಲಿ ನಾಸ್ತಿಕರೆಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. ಧರ್ಮವನ್ನೇ ಹೇಳದವರು 28 ಲಕ್ಷಕ್ಕೂ ಹೆಚ್ಚು.

ಕನ್ನಡ ನಾಡಿನಲ್ಲಿ ಇಗರ್ಜಿಯಿಂದ ದೂರ ಸರಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಜಾರ್ಜ್ ಫರ್ನಾಂಡಿಸ್. 1930ರ ಜೂನ್ 3ರಂದು ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಹಿರಿಯ ಮಗ. ಐದನೆಯ ಜಾರ್ಜ್ ದೊರೆಯ ಹುಟ್ಟುಹಬ್ಬವೂ ಅದೇ ದಿನವಾದ್ದರಿಂದ ತಾಯಿ ಆ ಹೆಸರಿಟ್ಟರು. ಹಿರಿಯ ಮಗ ಪಾದ್ರಿಯಾಗಬೇಕೆಂಬ ಆಸೆಯಿಂದ 1946ರಲ್ಲಿ ಬೆಂಗಳೂರಿನ ಸೇಂಟ್ ಪೀಟರ್ಸ್ ಗುರುಮಠಕ್ಕೆ ಕಳಿಸಿದರು. ಹುಡುಗ ಎರಡೂವರೆ ವರ್ಷ ತತ್ತ್ವಶಾಸ್ತ್ರ ಓದಿದ. ಅವನನ್ನು ಅಲ್ಲಿಂದ ಹೊರದಬ್ಬಿದ್ದು ಮಾತ್ರ ತತ್ತ್ವಶಾಸ್ತ್ರವಲ್ಲ, ಊಟದ ಮೇಜು. ಹಿರಿಯ ಗುರುಗಳು ಎತ್ತರದ ಮೇಜಿನಲ್ಲಿ ಕೂತು ಒಳ್ಳೆಯ ಊಟ ಮಾಡುತ್ತಿದ್ದರು, ಕಲಿಯುವ ಹುಡುಗರಿಗೆ ಕೆಳಗಿನ ಮೇಜು, ಬೇರೆ ಅಡುಗೆ. ಬೋಧನೆಗೂ ನಡತೆಗೂ ಇರುವ ಈ ಅಂತರವೇ ತನ್ನ ಭ್ರಮೆ ಹರಿಸಿತು ಎಂಬ ಅರ್ಥದ ಮಾತನ್ನು ಅವರು ಮುಂದೆ ಹಲವು ಸಲ ಆಡಿದರು.

ನಂಬಿಕೆ ಕಳೆದುಕೊಳ್ಳುವವರೆಲ್ಲ ಡಾರ್ವಿನ್ನನನ್ನೋ ರಸೆಲ್ಲನನ್ನೋ ಓದಿ ಕಳೆದುಕೊಳ್ಳುತ್ತಾರೆಂದು ತಿಳಿಯುವುದು ಓದುವವರ ಜಂಬ. ಎಷ್ಟೋ ಜನರ ವಿಷಯದಲ್ಲಿ ಪುಸ್ತಕ ಆಮೇಲೆ ಬರುತ್ತದೆ. ಮೊದಲು ಬರುವುದು ಇಂಥ ಒಂದು ಮೇಜು. ಜಾರ್ಜ್ ನಾಸ್ತಿಕತೆಯ ಡಂಗುರ ಹೊಡೆಯಲಿಲ್ಲ. ಮಂಗಳೂರಿಗೆ ಮರಳಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿದರು, 1949ರಲ್ಲಿ ಮುಂಬೈ ಸೇರಿದರು, ಅಲ್ಲಿ ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಮತ್ತು ರಾಮಮನೋಹರ ಲೋಹಿಯಾ ಅವರ ಬಳಗಕ್ಕೆ ಸೇರಿದರು. ಗುರುಮಠ ಬಿಟ್ಟ ಹುಡುಗನಿಗೆ ಇನ್ನೊಂದು ಮನೆ ಸಿಕ್ಕಿತು. ಅಲ್ಲಿಯೂ ಸಿದ್ಧಾಂತವಿತ್ತು, ತ್ಯಾಗವಿತ್ತು, ಜೊತೆಯಲ್ಲಿ ಉಣ್ಣುವವರಿದ್ದರು.

ಎಲ್ಲರಿಗೂ ಅಂಥ ಮನೆ ಸಿಗುವುದಿಲ್ಲ. ಸಮಾನಮನಸ್ಕರು ಸಿಗುವ ದಾರಿ ಹಿಂದೆ ಅಂಚೆಯದಾಗಿತ್ತು. ಕೇರಳದಲ್ಲಿ 1929ರಲ್ಲಿ ಶುರುವಾದ ‘ಯುಕ್ತಿವಾದಿ’ ಪತ್ರಿಕೆಯನ್ನು ಸಿರಿಯನ್ ಕ್ರೈಸ್ತ ಮನೆತನದ ಎಂ.ಸಿ. ಜೋಸೆಫ್ ದಶಕಗಳ ಕಾಲ ನಡೆಸಿದರು. ಜೋಸೆಫ್ ಇಡಮರುಕು ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ಕ್ರಿಸ್ತ ಒಬ್ಬ ಮನುಷ್ಯ ಎಂದು ಪುಸ್ತಕ ಬರೆದು ತಮ್ಮ ಸಭೆಯಿಂದ ಹೊರಬಿದ್ದರು. ತಿರುವಲ್ಲದ ಮಾರ್ತೋಮಾ ಪಾದ್ರಿಯೊಬ್ಬರ ಮಗ ಅಬ್ರಹಾಂ ಕೋವೂರ್ ಸಿಂಹಳದಲ್ಲಿ ಶಿಕ್ಷಕರಾಗಿದ್ದು, ನಿವೃತ್ತಿಯ ನಂತರ ಊರೂರು ಸುತ್ತಿ ಪವಾಡಗಳನ್ನು ಬಯಲು ಮಾಡಿದರು. ಕರ್ನಾಟಕದಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದರು. ಅದೇ ವರ್ಷ ಮಂಗಳೂರಿನಲ್ಲಿ ನರೇಂದ್ರ ನಾಯಕ್ ಮತ್ತು ಗೆಳೆಯರು ವಿಚಾರವಾದಿ ಸಂಘ ಕಟ್ಟಿದರು. ಬೆಳಗಾವಿಯಲ್ಲಿ 2014ರ ಡಿಸೆಂಬರ್ 6ರಂದು, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಸದಾಶಿವ ನಗರದ ಸ್ಮಶಾನದಲ್ಲಿ ಜನರೊಂದಿಗೆ ರಾತ್ರಿ ಕಳೆದರು. ಇಂದು ಅಂಚೆಯ ಕೆಲಸವನ್ನು ಕಿಸೆಯ ಮೊಬೈಲ್ ಮಾಡುತ್ತದೆ. ಖಾನಾಪುರದ ಹಳ್ಳಿಯ ಹುಡುಗಿಗೂ ತನ್ನಂತೆ ಯೋಚಿಸುವವರು ಲಿಸ್ಬನ್ನಿನಲ್ಲೋ ಮನಿಲಾದಲ್ಲೋ ಇದ್ದಾರೆಂಬುದು ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ.

ಬಹಿರಂಗವಾಗಿ ಮಾತಾಡುವುದರ ಅಪಾಯವೂ ಈ ಸೀಮೆಗೆ ಹೊಸದಲ್ಲ. ಬೆಳಗಾವಿಯ ಅಂಚಿನಲ್ಲಿ ಹಾದುಹೋಗುವ ಹೆದ್ದಾರಿಯ ಮೇಲೇ ಪುಣೆ, ಕೊಲ್ಹಾಪುರ, ಧಾರವಾಡಗಳಿವೆ. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಳಕರ, 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ, ಅದೇ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಇವರಾರೂ ಇಗರ್ಜಿಗೆ ಸಂಬಂಧಪಟ್ಟವರಲ್ಲ. ಇಗರ್ಜಿಯ ವಿಷಯದಲ್ಲಿ ಬಂದದ್ದು ಕೋರ್ಟು ಕಚೇರಿಯ ತೊಂದರೆ. 2012ರಲ್ಲಿ ಮುಂಬೈಯ ಇರ್ಲಾದಲ್ಲಿ ಶಿಲುಬೆಯ ಪಾದದಿಂದ ನೀರು ಒಸರುತ್ತಿದ್ದುದಕ್ಕೆ ಕಾರಣ ಕಟ್ಟಿಕೊಂಡ ಚರಂಡಿ ಎಂದು ತೋರಿಸಿದ ಸನಲ್ ಇಡಮರುಕು ಮೇಲೆ, ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ದೂರು ದಾಖಲಾಯಿತು. ಅವರು ಫಿನ್ಲೆಂಡಿಗೆ ಹೋಗಬೇಕಾಯಿತು.

ಆದರೆ ಇಗರ್ಜಿ ಬಿಟ್ಟ ಸಾಮಾನ್ಯ ಮನುಷ್ಯನಿಗೆ ಗುಂಡಿಗಿಂತ, ದೂರಿಗಿಂತ ಹತ್ತಿರದ ಚಿಂತೆಗಳಿರುತ್ತವೆ. ಕಾಯಿಲೆ ಬಿದ್ದರೆ ಗಂಜಿ ತಂದುಕೊಡುವವರು ಯಾರು? ಮಗಳ ಮದುವೆ ಎಲ್ಲಿ? ಹೆಣ ಎಲ್ಲಿಗೆ? ನಮ್ಮ ವಿಚಾರವಾದಿ ಸಂಘಗಳು ಬಾಬಾಗಳ ಬೂದಿಯ ಹಿಂದಿನ ಕೈಚಳಕವನ್ನು ತೋರಿಸುವುದರಲ್ಲಿ ನಿಸ್ಸೀಮರು. ಆದರೆ ಪಾದ್ರಿ ಮಾಡುವ ಈ ಇನ್ನೊಂದು ಕೆಲಸದ ಕಡೆಗೆ ಅವರ ಗಮನ ಹೋದದ್ದು ಕಡಿಮೆ. ಮದುವೆಗೆ ಹೇಗೋ ಉತ್ತರ ಸಿಕ್ಕಿದೆ. 1954ರ ವಿಶೇಷ ವಿವಾಹ ಕಾಯ್ದೆ ಧರ್ಮವನ್ನು ಕೇಳುವುದಿಲ್ಲ, ಮೂವತ್ತು ದಿನಗಳ ನೋಟೀಸು ಕೇಳುತ್ತದೆ. ಸಂಸ್ಕಾರದ ಗಾಂಭೀರ್ಯ ಬೇಕು, ಪುರೋಹಿತ ಬೇಡ ಎನ್ನುವವರಿಗೆ ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ನಡೆಸಿ ದಾರಿ ತೋರಿಸಿದ್ದಾರೆ. ಆಸ್ತಿಯ ಹಂಚಿಕೆಯಲ್ಲಿಯೂ ದೊಡ್ಡ ತೊಡಕಿಲ್ಲ. ಭಾರತೀಯ ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯೇ ವಿಶೇಷ ವಿವಾಹ ಮಾಡಿಕೊಂಡವರಿಗೂ ಸಾಮಾನ್ಯವಾಗಿ ಅನ್ವಯಿಸುತ್ತದೆ.

ತೊಡಕಿರುವುದು ಸಾವಿನಲ್ಲಿ. ಊರ ಕ್ಯಾಥೊಲಿಕ್ ಸ್ಮಶಾನ ಧರ್ಮಕೇಂದ್ರದ ಆಡಳಿತದಲ್ಲಿರುತ್ತದೆ. ಬಹಿರಂಗವಾಗಿ ಧರ್ಮತ್ಯಾಗ ಮಾಡಿದವರು ಪಶ್ಚಾತ್ತಾಪದ ಲಕ್ಷಣ ತೋರದೆ ತೀರಿಕೊಂಡರೆ ಅಂತ್ಯಸಂಸ್ಕಾರ ನಿರಾಕರಿಸಬೇಕೆಂದು ಧರ್ಮಸಂಹಿತೆ ಹೇಳುತ್ತದೆ. ಪಾದ್ರಿಗಳ ಅಧಿಕಾರವನ್ನು ಎದುರಿಸಿದ್ದ ಮಲಯಾಳದ ವಿಮರ್ಶಕ ಎಂ.ಪಿ. ಪಾಲ್ 1952ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡಾಗ ಅವರನ್ನು ಹೂಳಿದ್ದು ‘ತೆಮ್ಮಾಡಿಕುಳಿ’ಯಲ್ಲಿ, ಎಂದರೆ ಪೋಲಿಗಳಿಗೆಂದು ಮೀಸಲಿಟ್ಟ ಗುಂಡಿಯಲ್ಲಿ. ಅವರು ನಾಸ್ತಿಕರೂ ಆಗಿರಲಿಲ್ಲ.

ಇತ್ತೀಚೆಗೆ ಜಗಳ ತಿರುವು ಪಡೆದಿದೆ. ಹಿಂದೆ ಇಗರ್ಜಿ ಬೇಡವೆನ್ನುತ್ತಿತ್ತು, ಈಗ ಮನೆಯವರು ಬೇಕೆನ್ನುತ್ತಾರೆ. ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕ, ಕ್ರೈಸ್ತ ಕುಟುಂಬದ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂಬುದು ಅವರ ಇಚ್ಛೆ ಎಂದು ಮಗ ಹೇಳಿದರೆ, ಕ್ರೈಸ್ತ ವಿಧಿಯಂತೆ ಹೂಳಬೇಕೆಂದು ಮಗಳು ಹಟ ಹಿಡಿದರು. ಎರ್ನಾಕುಳಂ ಟೌನ್‌ಹಾಲ್‌ನಲ್ಲಿ ಶವದ ಮುಂದೆಯೇ ಎಳೆದಾಟವಾಯಿತು. ಕೇರಳ ಹೈಕೋರ್ಟ್ ಎರಡು ಸಲ ದೇಹದಾನವನ್ನೇ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. ಅಷ್ಟರವರೆಗೆ ಶವ ಕಾಯುತ್ತಿತ್ತು. ಜಾರ್ಜ್ ಫರ್ನಾಂಡಿಸರ ವಿಷಯದಲ್ಲಿ ರಾಜಿಯಾಯಿತು. ಅವರು ಮೊದಲು ದಹನವನ್ನೂ ಕೊನೆಗಾಲದಲ್ಲಿ ದಫನವನ್ನೂ ಬಯಸಿದ್ದರೆಂದು ಆಪ್ತರು ಹೇಳಿದ್ದರಿಂದ, 2019ರ ಜನವರಿ ಕೊನೆಯಲ್ಲಿ ದೆಹಲಿಯ ಲೋದಿ ರಸ್ತೆಯ ಚಿತಾಗಾರದಲ್ಲಿ ದಹನ ಮಾಡಿ, ಬೂದಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು. ದಹನಕ್ಕೆ 1963ರಲ್ಲೇ ವ್ಯಾಟಿಕನ್ ಅನುಮತಿ ಕೊಟ್ಟಿತ್ತು.

ಹಾಗೆ ನೋಡಿದರೆ ದೇವರನ್ನು ಬಿಟ್ಟವರು ಕಟ್ಟಿಕೊಂಡಿರುವ ಸಂಸ್ಕಾರವೆಂದರೆ ದೇಹದಾನ ಒಂದೇ. 1978ರಲ್ಲಿ ತೀರಿಕೊಂಡ ಕೋವೂರ್ ಕಣ್ಣನ್ನು ನೇತ್ರ ಬ್ಯಾಂಕಿಗೆ, ದೇಹವನ್ನು ವೈದ್ಯಕೀಯ ಕಾಲೇಜಿಗೆ, ಕೊನೆಗೆ ಉಳಿಯುವ ಅಸ್ಥಿಪಂಜರವನ್ನು ಕೊಲಂಬೊದ ತಾವು ಪಾಠ ಹೇಳಿದ್ದ ಥರ್ಸ್ಟನ್ ಕಾಲೇಜಿನ ಪ್ರಯೋಗಾಲಯಕ್ಕೆ ಬರೆದಿಟ್ಟಿದ್ದರು. ಈ ಮಾತಿನಲ್ಲಿ ಬೆಳಗಾವಿ ಯಾರಿಗೂ ಹಿಂದಿಲ್ಲ. 2010ರಲ್ಲಿ ಇಲ್ಲಿಯ ಕೆಎಲ್ಇ ಸಂಸ್ಥೆಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ, ದಾನವಾಗಿ ಬಂದಿದ್ದ ತಮ್ಮ ತಂದೆಯ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಮಾಡಿದರು. ಬೈಲಹೊಂಗಲದ ಆ ಮನೆತನ ನಾಸ್ತಿಕರದೇನೂ ಅಲ್ಲ. ಆದರೆ ಅಂದು ತೆರೆದ ಬಾಗಿಲಲ್ಲಿ ದೇವರಿದ್ದವರು, ಇಲ್ಲದವರು ಇಬ್ಬರೂ ಹೋಗಬಹುದು, ಅಲ್ಲಿ ಜ್ಞಾನಸ್ನಾನದ ದಾಖಲೆ ಕೇಳುವುದಿಲ್ಲ. ಕೇಳುವುದು ಹತ್ತಿರದ ಬಂಧುಗಳ ಒಪ್ಪಿಗೆಯ ಸಹಿ. ಸತ್ತವನು ತಾನಾಗಿ ಕಾಲೇಜಿಗೆ ನಡೆದು ಹೋಗಲಾರನಷ್ಟೆ. ಹಾಗಾಗಿ ಇಗರ್ಜಿ ಬಿಟ್ಟ ಅಣ್ಣ ಕೊನೆಗೊಮ್ಮೆ ಆ ಹಾಳೆಯನ್ನು ಹಿಡಿದುಕೊಂಡು, ರವಿವಾರದ ಬಲಿಪೂಜೆ ಒಂದನ್ನೂ ತಪ್ಪಿಸದ ತಂಗಿಯ ಮನೆಯ ಬಾಗಿಲಿಗೇ ಬರಬೇಕಾಗುತ್ತದೆ.