ನಿಮಗಿದು ಗೊತ್ತೇ? ಬೆರಳಿಗೆ ಕಾಣುವ ಫೋನು

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಫೋನ್ ‘ಮಾಡು’ವುದಕ್ಕಿಂತ ‘ಹಚ್ಚು’ವವರೇ ಹೆಚ್ಚು. ಕಣ್ಣು ಕಾಣದ ಅಜ್ಜ “ನಿಮ್ಮ ಕಾಕಾಗ ಒಂದ್ ಫೋನ್ ಹಚ್ಚಿ ಕೊಡಪಾ ತಮ್ಮಾ” ಎಂದು ಮೊಮ್ಮಗನ ದಾರಿ ಕಾಯುವ ಮನೆಗಳಿವೆ. ಆದರೆ ತಕ್ಕ ಫೋನ್ ಸಿಕ್ಕರೆ ಅಜ್ಜ ತಾನೇ ಹಚ್ಚಬಲ್ಲ.

  

ಫೋನಿನ 5ರ ಬಟನ್ ಮೇಲೆ ಒಂದು ಉಬ್ಬು ಚುಕ್ಕೆಯೋ ಗೀರೋ ಇರುತ್ತದೆ, ಮುಟ್ಟಿ ನೋಡಿ. ಅದು ಅಂದಕ್ಕೆ ಇಟ್ಟದ್ದಲ್ಲ. ಬೆರಳು ಅಲ್ಲಿ ನಿಂತರೆ ಸುತ್ತಲಿನ ಎಂಟೂ ಬಟನ್‌ಗಳ ವಿಳಾಸ ಸಿಕ್ಕಂತೆ. ಚುಕ್ಕೆಯ ಕೆಳಗೆ 8, ಅದರ ಕೆಳಗೆ 0. ಎಡಗಡೆ ಮೇಲಿನ ಮೂಲೆಯಲ್ಲಿ 1. ಅಂಬ್ಯುಲೆನ್ಸಿನ 108 ಅಲ್ಲೇ ಮುಗಿಯಿತು. ತುರ್ತು ಕರೆಯ 112 ಇನ್ನೂ ಸುಲಭ: ಮೂಲೆಯ ಬಟನ್ ಎರಡು ಸಲ, ಪಕ್ಕದ್ದು ಒಂದು ಸಲ.

ಕ್ಯಾಲ್ಕುಲೇಟರಿನಲ್ಲಿ ಮೇಲಿನ ಸಾಲು 7-8-9, ಫೋನಿನಲ್ಲಿ 1-2-3. ಫೋನಿನ ಈ ಜೋಡಣೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹಲವು ಬಗೆ ಪರೀಕ್ಷಿಸಿ ಆರಿಸಿದ್ದು. ಬಟನ್ ಫೋನ್ ಜನರ ಕೈಗೆ ಬಂದದ್ದು 1963ರಲ್ಲಿ.

ಅದಕ್ಕೂ ಮೊದಲಿನ ತಿರುಗುವ ಡಯಲ್‌ನಲ್ಲಿ ತೂತುಗಳೇ ಗುರುತು. ಲಂಡನ್ನಿನಲ್ಲಿ 1937ರಲ್ಲಿ ತುರ್ತು ಸಂಖ್ಯೆಗೆ 999 ಆರಿಸಿದಾಗ, ಕತ್ತಲಲ್ಲಿ, ದಟ್ಟ ಹೊಗೆಯಲ್ಲಿ ಕೂಡ ತಡವಿ ಹಿಡಿಯಲು ಬರಬೇಕು ಎಂಬ ಲೆಕ್ಕವಿತ್ತು. ಕಣ್ಣಿದ್ದವರಿಗೂ ಕಣ್ಣು ಕೆಲಸ ಮಾಡದ ಹೊತ್ತು ಬರುತ್ತದೆ ಎಂದು ಅದನ್ನು ಆರಿಸಿದವರು ಯೋಚಿಸಿದ್ದು ನನಗೆ ಬಹಳ ಹಿಡಿಸಿದೆ.

ಬಟನ್ ಒತ್ತಿದಾಗ ಬರುವ ‘ಪೀಂ’ ಒಂದು ನಾದವಲ್ಲ, ಎರಡರ ಜೋಡಿ! ಅಡ್ಡಸಾಲಿಗೊಂದರಂತೆ ನಾಲ್ಕು, ಉದ್ದಸಾಲಿಗೊಂದರಂತೆ ಮೂರು. ಒಟ್ಟು ಏಳು ನಾದ, ಹನ್ನೆರಡು ಬಟನ್. 5 ಒತ್ತಿದರೆ 770 ಮತ್ತು 1336 ಹರ್ಟ್ಸ್ ಒಟ್ಟಿಗೆ ನುಡಿಯುತ್ತವೆ. ಹತ್ತಿರದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸ್ವರ ತಿದ್ದಿ ಬೆಳೆಸಿದ ಸೀಮೆ ನಮ್ಮದು. ತಪ್ಪು ಬಟನ್ ಒತ್ತಿದ್ದನ್ನು ಪಳಗಿದ ಕಿವಿ ಕೂಡಲೇ ಹಿಡಿಯುತ್ತದೆ. ಆದ್ದರಿಂದ ಬಟನ್ ಸದ್ದು ಬರದ ಫೋನ್ ಬೇಡ.

ಹಳೆಯ ತಾಮ್ರದ ತಂತಿಯ ಫೋನಿಗೆ ಕರೆಂಟ್ ಬರುವುದು ಎಕ್ಸ್‌ಚೇಂಜಿನಿಂದ. ಹಾಗಾಗಿ ಮನೆಯಲ್ಲಿ ಕರೆಂಟ್ ಹೋದರೂ ಅದು ಸತ್ತುಹೋಗುವುದಿಲ್ಲ. ಕಾರ್ಡ್‌ಲೆಸ್ ಫೋನಿಗೂ ಫೈಬರ್ ಸಂಪರ್ಕಕ್ಕೂ ಮನೆಯ ಕರೆಂಟೇ ಬೇಕು. ಫೈಬರ್ ಹಾಕಿಸಿದ್ದರೆ ಅದರ ಪೆಟ್ಟಿಗೆಗೆ ಬ್ಯಾಟರಿ ಬ್ಯಾಕಪ್ ಇಡಿ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹಚ್ಚಲು ಮೊದಲು 0 ಒತ್ತಬೇಕು. ಅಲ್ಲಿಗೆ ಹನ್ನೊಂದು ಅಂಕಿ! ಅದಕ್ಕೇ ಒಂದೇ ಬಟನ್ನಿಗೆ ಒಂದು ಸಂಖ್ಯೆ ತುಂಬಿಡುವ ಮೆಮೊರಿ ಬಟನ್‌ಗಳಿರುವ ಫೋನ್ ನೋಡಿ. ಮಗನ ಬಟನ್ನಿಗೆ ಅವ್ವನ ಒಂದು ಟಿಕಳಿ ಅಂಟಿಸಿ, ಮಗಳದ್ದಕ್ಕೆ ಉಗುರುಬಣ್ಣದ ದಪ್ಪ ಹನಿ ಇಟ್ಟು ಒಣಗಿಸಿ. ಖರ್ಚು ಏನೂ ಇಲ್ಲ.

ಬರುವ ಕರೆಯ ಸಂಖ್ಯೆಯನ್ನು ಕೂಗಿ ಹೇಳುವ ಫೋನ್‌ಗಳೂ ಇವೆ. ಲೈನಿನಲ್ಲಿ ಕಾಲರ್ ಐಡಿ ಸೇವೆ ಚಾಲೂ ಇದ್ದರಷ್ಟೇ ಅವು ಮಾತಾಡುತ್ತವೆ.

ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರಿಗೂ ಬಳಸಲು ಬರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಆದರೂ ಪ್ರತಿಯೊಂದಕ್ಕೂ ಪರದೆ ನೋಡಿ ಮೆನು ಆರಿಸಬೇಕಾದ ಫೋನ್‌ಗಳು ಅಂಗಡಿಯಲ್ಲಿವೆ. ಇದು ತಪ್ಪು. ಬೆಲೆ ಹೆಚ್ಚಿದ್ದರೆ ಒಳ್ಳೆಯದು ಎಂದು ನಂಬಬೇಡಿ; ಉಬ್ಬಿದ, ಬಿಡಿಬಿಡಿಯಾಗಿರುವ ಬಟನ್‌ಗಳ ಸಾದಾ ತಂತಿ ಫೋನೇ ಅಂಧರಿಗೆ ಮೇಲು.

ಸವದತ್ತಿ ಪೇಟೆಗೋ ಬೈಲಹೊಂಗಲಕ್ಕೋ ಫೋನ್ ತರಲು ಹೊರಟಿರಾದರೆ ಬಳಸುವವರನ್ನೂ ಕರೆದುಕೊಂಡು ಹೋಗಿ. ಪೆಟ್ಟಿಗೆ ಬಿಚ್ಚಿಸಿ ಫೋನನ್ನು ಅವರ ಕೈಗೇ ಕೊಡಿಸಿ. ಯಾರ ನೆರವೂ ಇಲ್ಲದೆ ಅವರು ಮನೆಯ ನಂಬರು ಒತ್ತಿದ ಮೇಲೆಯೇ ಹಣ ಕೊಡಿ.